ರೂಟರ್‌ಗೆ ಬೇರೆ ಫರ್ಮ್‌ವೇರ್: ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ

ಮನೆಯ ವೈಫೈ ರೂಟರ್‌ಗೆ ಕಂಪನಿ ಕೊಟ್ಟ ತಂತ್ರಾಂಶ (ಫರ್ಮ್‌ವೇರ್) ತೆಗೆದು ಓಪನ್‌ಡಬ್ಲ್ಯುಆರ್‌ಟಿ ಎಂಬ ಲಿನಕ್ಸ್ ಆಧಾರಿತ ಮುಕ್ತ ಫರ್ಮ್‌ವೇರ್ ಹಾಕುವ ಬಗ್ಗೆ ಈ ಸಲ ಸಾಕಷ್ಟು ಪ್ರಶ್ನೆಗಳು ಬಂದಿವೆ. ಹೆಚ್ಚಿನವರಿಗೆ ಉಪಯೋಗವಾಗುವಂಥವನ್ನು ಆರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮಲ್ಲಿ ಟಿಪಿ-ಲಿಂಕ್ ಡಬ್ಲ್ಯುಆರ್841ಎನ್ (ವರ್ಷನ್ 9) ಇದೆ. ಓಪನ್‌ಡಬ್ಲ್ಯುಆರ್‌ಟಿ ಹಾಕಿದರೆ ಸಿಗ್ನಲ್ ಹಿಂದಿನ ಕೋಣೆವರೆಗೂ ಬರುತ್ತದೆ ಎನ್ನುತ್ತಾರೆ. ಹಾಕಲೇ?
— ಉಪನ್ಯಾಸಕಿ, ಹಾಸನ

ಬೇಡ. ಸಿಗ್ನಲ್ ಎಷ್ಟು ದೂರ ಹೋಗುತ್ತದೆ ಎಂಬುದು ಆಂಟೆನಾ, ರೇಡಿಯೋ ಚಿಪ್ ಮತ್ತು ನಡುವಿನ ಗೋಡೆಗಳ ಮೇಲೆ ನಿಂತಿದೆ. ಫರ್ಮ್‌ವೇರ್ ಬದಲಿಸಿದರೆ ಇವು ಯಾವುವೂ ಬದಲಾಗುವುದಿಲ್ಲ. ನಿಮ್ಮ ರೂಟರ್‌ನಲ್ಲಿ ಫ್ಲ್ಯಾಶ್ ಮೆಮೊರಿ ಇರುವುದು 4 ಎಂಬಿ, ರ‍್ಯಾಮ್ 32 ಎಂಬಿ. ಇಷ್ಟು ಚಿಕ್ಕ ರೂಟರ್‌ಗಳಿಗೆ ಓಪನ್‌ಡಬ್ಲ್ಯುಆರ್‌ಟಿಯ 19.07 ಸರಣಿಯೇ ಕೊನೆ, ಆ ಸರಣಿಗೂ 2022ರಿಂದ ಭದ್ರತಾ ಅಪ್‌ಡೇಟ್ ಬರುತ್ತಿಲ್ಲ. ಈಗಿನ ಆವೃತ್ತಿಗಳಿಗೆ ಕನಿಷ್ಠ 8 ಎಂಬಿ ಫ್ಲ್ಯಾಶ್, 64 ಎಂಬಿ ರ‍್ಯಾಮ್ ಬೇಕು. ನೆಮ್ಮದಿಯಾಗಿ ಬಳಸಬೇಕೆಂದರೆ 16 ಮತ್ತು 128 ಇರಲಿ.

ಹಿಂದಿನ ಕೋಣೆಗೆ ನೆಟ್ ಬೇಕೆಂದರೆ ಇದೇ ರೂಟರನ್ನು ಕಂಪನಿಯ ಫರ್ಮ್‌ವೇರ್‌ನಲ್ಲೇ ಅಲ್ಲಿಡಿ. ಮುಖ್ಯ ರೂಟರ್ ವಿಳಾಸ 192.168.1.1 ಇದ್ದರೆ ಇದರ ಲ್ಯಾನ್ (ಮನೆಯೊಳಗಿನ ಜಾಲ) ವಿಳಾಸವನ್ನು 192.168.1.2 ಮಾಡಿ, ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಕೇಬಲ್ಲನ್ನು ಇದರ ಲ್ಯಾನ್ ಪೋರ್ಟಿಗೆ ಸಿಕ್ಕಿಸಿ. ಹೊರಗಿನ ಸಂಪರ್ಕಕ್ಕಿರುವ ನೀಲಿ ಬಣ್ಣದ ವ್ಯಾನ್ ಪೋರ್ಟ್ ಖಾಲಿ ಇರಲಿ. ನಿಮ್ಮ ತೊಂದರೆಗೆ ಫರ್ಮ್‌ವೇರ್‌ಗಿಂತ ಒಂದು ಉದ್ದದ ಕೇಬಲ್ಲೇ ಒಳ್ಳೆಯ ಮದ್ದು.

ಪ್ರಶ್ನೆ: ಹಾಗಾದರೆ ಇದನ್ನು ಯಾಕೆ ಹಾಕಬೇಕು?
— ವಿದ್ಯಾರ್ಥಿ, ತುಮಕೂರು

ಮುಖ್ಯ ಕಾರಣ ಭದ್ರತೆ. ಕಂಪನಿಗಳು ಒಂದು ಮಾದರಿಗೆ ಕೆಲವು ವರ್ಷ ಅಪ್‌ಡೇಟ್ ಕೊಟ್ಟು ಕೈಬಿಡುತ್ತವೆ, ರೂಟರ್ ಮಾತ್ರ ಆಮೇಲೂ ಗಟ್ಟಿಮುಟ್ಟಾಗಿಯೇ ಇರುತ್ತದೆ. ಓಪನ್‌ಡಬ್ಲ್ಯುಆರ್‌ಟಿ ಅಂಥ ಹಳೆಯ ಮಾದರಿಗಳಿಗೂ ಹೊಸ ಕರ್ನೆಲ್ (ತಂತ್ರಾಂಶದ ತಿರುಳು) ಮತ್ತು ತಿದ್ದುಪಡಿಗಳನ್ನು ಕೊಡುತ್ತಾ ಬಂದಿದೆ. ಎರಡನೆಯದು ಹಿಡಿತ: ಟ್ರಾಫಿಕ್ ಸರತಿ, ಅತಿಥಿಗಳಿಗೆ ಬೇರೆ ನೆಟ್‌ವರ್ಕ್, ಜಾಹೀರಾತು ತಡೆ, ವೈರ್‌ಗಾರ್ಡ್ ವಿಪಿಎನ್ ಎಲ್ಲವೂ ನಿಮ್ಮ ಕೈಯಲ್ಲಿರುತ್ತವೆ. ಲಿಂಕ್‌ಸಿಸ್ ತನ್ನ ಡಬ್ಲ್ಯುಆರ್‌ಟಿ54ಜಿ ರೂಟರ್‌ನಲ್ಲಿ ಲಿನಕ್ಸ್ ಬಳಸಿದ್ದರಿಂದ ಜಿಪಿಎಲ್ ಪರವಾನಗಿಯಂತೆ 2003ರಲ್ಲಿ ಅದರ ಮೂಲ ಸಂಕೇತವನ್ನು ಹೊರಗೆ ಬಿಡಬೇಕಾಯಿತು. ಅದರ ಮೇಲೆ 2004ರಲ್ಲಿ ಶುರುವಾದ ಕೆಲಸವೇ ಇದು, ಹೆಸರಿನಲ್ಲಿರುವ ಡಬ್ಲ್ಯುಆರ್‌ಟಿ ಬಂದದ್ದೂ ಅಲ್ಲಿಂದಲೇ.

ಪ್ರಶ್ನೆ: ಟಿಪಿ-ಲಿಂಕ್ ಆರ್ಚರ್ ಸಿ7 ಇದೆ. ಮೊದಲ ಸಲ ಹಾಕುತ್ತಿದ್ದೇನೆ. ಕ್ರಮವಾಗಿ ಏನೇನು ಮಾಡಬೇಕು?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ರೂಟರನ್ನು ತಿರುಗಿಸಿ ಅಡಿಯ ಸ್ಟಿಕ್ಕರ್ ನೋಡಿ. ಅಲ್ಲಿ ಮಾದರಿಯ ಜೊತೆ ವರ್ಷನ್ ಸಂಖ್ಯೆ ಇರುತ್ತದೆ. ಎಡವಟ್ಟುಗಳಲ್ಲಿ ಬಹುಪಾಲು ಇಲ್ಲೇ ಆಗುವುದು. ಸಿ7 ವರ್ಷನ್ 2 ಮತ್ತು ವರ್ಷನ್ 5 ಹೆಸರಿಗೆ ಒಂದೇ, ಒಳಗಿನ ಚಿಪ್ ಮತ್ತು ಫ್ಲ್ಯಾಶ್ ವಿಭಾಗಗಳು ಬೇರೆ ಬೇರೆ. ಒಂದರ ಫೈಲ್ ಇನ್ನೊಂದಕ್ಕೆ ಆಗದು. ನಿಮ್ಮದು ವರ್ಷನ್ 5 ಎಂದುಕೊಂಡು ಮುಂದಿನದನ್ನು ಬರೆಯುತ್ತೇವೆ.

ಓಪನ್‌ಡಬ್ಲ್ಯುಆರ್‌ಟಿ ತಾಣದ 'ಫರ್ಮ್‌ವೇರ್ ಸೆಲೆಕ್ಟರ್' ಪುಟದಲ್ಲಿ ಮಾದರಿಯನ್ನು ವರ್ಷನ್ ಸಮೇತ ಹುಡುಕಿ. ಎರಡು ಬಗೆಯ ಫೈಲ್ ಸಿಗುತ್ತವೆ. ಹೆಸರಿನಲ್ಲಿ 'ಫ್ಯಾಕ್ಟರಿ' ಎಂದಿರುವುದು ಕಂಪನಿ ಫರ್ಮ್‌ವೇರ್‌ನಿಂದ ಮೊದಲ ಸಲ ದಾಟುವುದಕ್ಕೆ. 'ಸಿಸ್‌ಅಪ್‌ಗ್ರೇಡ್' ಎಂದಿರುವುದು ಈಗಾಗಲೇ ಓಪನ್‌ಡಬ್ಲ್ಯುಆರ್‌ಟಿ ಇರುವ ರೂಟರ್‌ಗೆ. ನಿಮಗೀಗ ಬೇಕಾದದ್ದು ಫ್ಯಾಕ್ಟರಿ. ಅದೇ ಸಮಯದಲ್ಲಿ ಕಂಪನಿಯ ಮೂಲ ಫರ್ಮ್‌ವೇರನ್ನೂ ಇಳಿಸಿ ಇಟ್ಟುಕೊಳ್ಳಿ. ರೂಟರ್ ಮಲಗಿದ ಮೇಲೆ ಅದನ್ನು ಇಳಿಸಲು ನೆಟ್ಟೇ ಇರುವುದಿಲ್ಲ.

ಇಳಿಸಿದ ಫೈಲಿನ ಶಾ-256 ಮೊತ್ತ ತಾಣದಲ್ಲಿ ಕೊಟ್ಟದ್ದಕ್ಕೆ ಅಕ್ಷರಶಃ ಹೊಂದಬೇಕು. ವಿಂಡೋಸ್‌ನಲ್ಲಾದರೆ ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್ ಆದೇಶ ಇದನ್ನು ತೋರಿಸುತ್ತದೆ. ಒಂದು ಅಕ್ಷರ ತಪ್ಪಿದರೂ ಮತ್ತೆ ಇಳಿಸಿ.

ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಕೇಬಲ್‌ನಲ್ಲಿ ರೂಟರ್‌ನ ಲ್ಯಾನ್ ಪೋರ್ಟಿಗೆ ಜೋಡಿಸಿ. ವೈಫೈ ಮೂಲಕ ಫ್ಲ್ಯಾಶ್ (ಹೊಸ ಫರ್ಮ್‌ವೇರ್ ಬರೆಯುವ ಕೆಲಸ) ಮಾಡಲೇಬೇಡಿ. ಕಂಪನಿ ಪುಟದ ಫರ್ಮ್‌ವೇರ್ ಅಪ್‌ಗ್ರೇಡ್ ಜಾಗದಲ್ಲಿ ಫ್ಯಾಕ್ಟರಿ ಫೈಲ್ ಕೊಡಿ. ಕೆಲವು ಟಿಪಿ-ಲಿಂಕ್ ಪುಟಗಳು ಉದ್ದನೆಯ ಹೆಸರಿನ ಫೈಲನ್ನು ತಿರಸ್ಕರಿಸುತ್ತವೆ. ಹಾಗಾದರೆ ಹೆಸರನ್ನು ಚಿಕ್ಕದು ಮಾಡಿ, ಕೊನೆಯ '.ಬಿನ್' ಉಳಿಸಿಕೊಂಡು ಮತ್ತೆ ಕೊಡಿ. ಆಮೇಲೆ ಐದು ನಿಮಿಷ ಪ್ಲಗ್ಗಿಗೆ ಕೈ ಹಾಕಬೇಡಿ, ದೀಪ ಏನೇ ಮಿನುಗಲಿ.

ಎದ್ದ ರೂಟರ್‌ನ ವಿಳಾಸ 192.168.1.1. ಟಿಪಿ-ಲಿಂಕ್‌ನ ಹಳೆಯ 192.168.0.1 ಈಗ ತೆರೆಯುವುದಿಲ್ಲ. ಬಳಕೆದಾರನ ಹೆಸರು 'ರೂಟ್', ಪಾಸ್‌ವರ್ಡ್ ಖಾಲಿ. ಮೊದಲು ಪಾಸ್‌ವರ್ಡ್ ಇಡಿ. ವೈಫೈ ಹೆಸರೇ ಕಾಣುತ್ತಿಲ್ಲವೆಂದು ಗಾಬರಿಯಾಗಬೇಡಿ. ಸುರಕ್ಷತೆಗಾಗಿ ಅದನ್ನು ಆಫ್ ಮಾಡಿಯೇ ಕೊಟ್ಟಿರುತ್ತಾರೆ. ನೆಟ್‌ವರ್ಕ್, ವೈರ್‌ಲೆಸ್ ಎಂಬಲ್ಲಿ ಹೆಸರು, ದೇಶ, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ2/3 ಮಿಶ್ರ ಭದ್ರತೆ ಹಾಕಿ ಆನ್ ಮಾಡಿ. ಹಳೆಯ ಪ್ರಿಂಟರ್, ಸ್ಮಾರ್ಟ್ ಬಲ್ಬುಗಳಿಗೆ ಮಿಶ್ರ ಭದ್ರತೆ ಒಗ್ಗದಿದ್ದರೆ 2.4 ಗಿಗಾಹರ್ಟ್ಸ್‌ನಲ್ಲಿ ಬರೀ ಡಬ್ಲ್ಯುಪಿಎ2 ಇರಲಿ.

ಪ್ರಶ್ನೆ: ಓಪನ್‌ಡಬ್ಲ್ಯುಆರ್‌ಟಿ ಹಾಕಿ ಫೈಬರ್ ಪೆಟ್ಟಿಗೆಗೆ ಸಿಕ್ಕಿಸಿದೆ. ಲ್ಯಾಪ್‌ಟಾಪಿಗೆ ವಿಳಾಸ ಸಿಗುತ್ತದೆ, ನೆಟ್ ಬರುವುದಿಲ್ಲ. ಲ್ಯಾನ್ ವಿಳಾಸ ಬದಲಿಸಿದರೆ ಒಂದೂವರೆ ನಿಮಿಷದಲ್ಲಿ ತಾನಾಗಿಯೇ ಹಳೆಯದಕ್ಕೆ ಮರಳುತ್ತದೆ.
— ಕೃಷಿಕರು, ಶಿರಸಿ

ಎರಡೂ ಮಾಮೂಲಿ ತೊಡಕುಗಳೇ. ಫೈಬರ್ ತಂದುಕೊಡುವ ಒಎನ್‌ಟಿ ಪೆಟ್ಟಿಗೆಗಳಲ್ಲಿ ಎಷ್ಟೋ 192.168.1.1 ವಿಳಾಸವನ್ನೇ ಇಟ್ಟುಕೊಂಡಿರುತ್ತವೆ. ನಿಮ್ಮ ರೂಟರ್‌ನದೂ ಅದೇ. ಎರಡು ಕಡೆಯೂ ಒಂದೇ ಜಾಲವಾದರೆ ಪ್ಯಾಕೆಟ್ (ದತ್ತಾಂಶದ ತುಣುಕು) ಯಾವ ಕಡೆ ಹೋಗಬೇಕೆಂದು ರೂಟರ್‌ಗೆ ತಿಳಿಯುವುದಿಲ್ಲ. ರೂಟರ್‌ನ ಲ್ಯಾನ್ ವಿಳಾಸವನ್ನು 192.168.10.1 ಮಾಡಿ.

ಬದಲಾವಣೆ ಹಿಂದಕ್ಕೆ ಹೋಗುವುದು ಒಂದು ಕಾವಲು ವ್ಯವಸ್ಥೆಯಿಂದ. ಸೇವ್ ಮಾಡಿದ ಮೇಲೆ 90 ಸೆಕೆಂಡಿನೊಳಗೆ ಬ್ರೌಸರ್ ರೂಟರನ್ನು ಮತ್ತೆ ಮುಟ್ಟದಿದ್ದರೆ 'ಬಳಕೆದಾರ ಹೊರಗೆ ಉಳಿದಿದ್ದಾನೆ' ಎಂದು ತಿಳಿದು ಅದು ಹಳೆಯದನ್ನು ಮರಳಿಸುತ್ತದೆ. ವಿಳಾಸವೇ ಬದಲಾದಾಗ ಬ್ರೌಸರ್ ಹಳೆಯದನ್ನೇ ಹುಡುಕುತ್ತಿರುತ್ತದೆ, ಅದಕ್ಕೇ ಹೀಗೆ. ಕೇಬಲ್ಲನ್ನು ಕಿತ್ತು ಸಿಕ್ಕಿಸಿ ಹೊಸ ಐಪಿ ಪಡೆದು, 90 ಸೆಕೆಂಡಿನೊಳಗೆ ಹೊಸ ವಿಳಾಸದಲ್ಲಿ ಲಾಗಿನ್ ಆಗಿ. ಇಲ್ಲವೇ ಸೇವ್ ಮಾಡುವಾಗ ಪರೀಕ್ಷೆ ಇಲ್ಲದೆ ಅನ್ವಯಿಸುವ ಆಯ್ಕೆ ಒತ್ತಿ.

ಇಷ್ಟು ಮಾಡಿದರೆ ನೆಟ್ ಬರಬೇಕು, ಆದರೆ ಒಎನ್‌ಟಿ ಮತ್ತು ರೂಟರ್ ಎರಡೂ ನ್ಯಾಟ್ (ಒಳಗಿನ ವಿಳಾಸಗಳನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ಕೆಲಸ) ಮಾಡುತ್ತಿರುತ್ತವೆ. ವಿಡಿಯೊ ನೋಡುವವರಿಗೆ ಇದರಿಂದ ತೊಂದರೆ ಇಲ್ಲ. ಹೊರಗಿನಿಂದ ಮನೆಯ ಕ್ಯಾಮೆರಾ ತೆರೆಯುವವರಿಗೆ ತೊಡಕು. ಆಗ ಸಂಪರ್ಕ ಕೊಟ್ಟ ಸ್ಥಳೀಯರಿಗೆ ಹೇಳಿ ಒಎನ್‌ಟಿಯನ್ನು ಬ್ರಿಜ್ ಮೋಡ್‌ಗೆ (ಪ್ಯಾಕೆಟ್‌ಗಳನ್ನು ಹಾಗೆಯೇ ರೂಟರ್‌ಗೆ ದಾಟಿಸುವ ಸ್ಥಿತಿ) ಹಾಕಿಸಿ. ಪಿಪಿಪಿಒಇ (ಆಪರೇಟರ್‌ನ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್ ಮತ್ತು ಜಾಲವನ್ನು ಗುರುತಿಸುವ ವಿಲ್ಯಾನ್ ಸಂಖ್ಯೆಯನ್ನು ಬರೆಸಿಕೊಂಡ ಮೇಲೆಯೇ ಬ್ರಿಜ್‌ಗೆ ಒಪ್ಪಿ. ಆಮೇಲೆ ರೂಟರ್‌ನ ವ್ಯಾನ್ ಪ್ರೊಟೋಕಾಲ್ ಪಿಪಿಪಿಒಇ ಆಗಲಿ. ಅದರ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಸಾಮಾನ್ಯವಾಗಿ 1492 ಬೈಟ್. ಕೆಲವು ತಾಣ ಮಾತ್ರ ಅರ್ಧಕ್ಕೆ ನಿಂತರೆ ಫೈರ್‌ವಾಲ್‌ನ ವ್ಯಾನ್ ವಲಯದಲ್ಲಿ ಎಂಎಸ್ಎಸ್ ಕ್ಲ್ಯಾಂಪಿಂಗ್ (ಪ್ಯಾಕೆಟ್‌ಗಳನ್ನು ಆ ಗಾತ್ರಕ್ಕೆ ಹೊಂದಿಸುವ ಆಯ್ಕೆ) ಆನ್ ಇದೆಯೇ ನೋಡಿ. ಒಎನ್‌ಟಿಗೇ ಓಪನ್‌ಡಬ್ಲ್ಯುಆರ್‌ಟಿ ಹಾಕುವ ಯೋಚನೆ ಮಾತ್ರ ಬೇಡ. ಅದರೊಳಗಿನ ಫೈಬರ್ ಭಾಗ ಕಂಪನಿಯ ತಂತ್ರಾಂಶ ಬಿಟ್ಟರೆ ನಡೆಯುವುದಿಲ್ಲ.

ಪ್ರಶ್ನೆ: 100 ಎಂಬಿಪಿಎಸ್ ಪ್ಲಾನ್. ಮಗ ಗೇಮ್ ಡೌನ್‌ಲೋಡ್‌ಗೆ ಹಚ್ಚಿದ ಕೂಡಲೇ ನನ್ನ ಆಫೀಸಿನ ವಿಡಿಯೊ ಕಾಲ್ ತುಂಡಾಗುತ್ತದೆ. ರೂಟರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಇದೆ.
— ಬ್ಯಾಂಕ್ ಉದ್ಯೋಗಿ, ಧಾರವಾಡ

ನಿಮಗೆ ವೇಗ ಸಾಲದೆ ಹೀಗಾಗುತ್ತಿಲ್ಲ, ಸರತಿ ಉದ್ದವಾಗಿ ಹೀಗಾಗುತ್ತಿದೆ. ಡೌನ್‌ಲೋಡ್ ಲೈನನ್ನು ತುಂಬಿದಾಗ ಪ್ಯಾಕೆಟ್‌ಗಳು ಆಪರೇಟರ್‌ನ ಅಥವಾ ಒಎನ್‌ಟಿಯ ಬಫರಿನಲ್ಲಿ ಸಾಲುಗಟ್ಟುತ್ತವೆ. ನಿಮ್ಮ ಮಾತಿನ ಪ್ಯಾಕೆಟ್ ಆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ನಮ್ಮ ಪ್ರಕಾರ ಓಪನ್‌ಡಬ್ಲ್ಯುಆರ್‌ಟಿ ಹಾಕಲು ಈ ಒಂದು ತೊಂದರೆಯೇ ಸಾಕಾದ ಕಾರಣ.

ಸಿಸ್ಟಮ್, ಸಾಫ್ಟ್‌ವೇರ್ ಪುಟದಲ್ಲಿ ಪಟ್ಟಿ ಅಪ್‌ಡೇಟ್ ಮಾಡಿ ಸರತಿಯನ್ನು ನಿಭಾಯಿಸುವ ಎಸ್‌ಕ್ಯೂಎಂನ 'ಲೂಸಿ-ಆ್ಯಪ್-ಎಸ್‌ಕ್ಯೂಎಂ' ಪ್ಯಾಕೇಜ್ ಹಾಕಿಕೊಳ್ಳಿ. ಲೈನನ್ನು ಮೊದಲು ಕೇಬಲ್‌ನಲ್ಲಿ, ಬೇರೆ ಯಾರೂ ಬಳಸದಾಗ, ಬೆಳಿಗ್ಗೆ ಒಮ್ಮೆ ಮತ್ತು ರಾತ್ರಿ ಒಮ್ಮೆ ಅಳೆಯಿರಿ. ಕಡಿಮೆ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಿರಿ. ಅದು 96 ಎಂಬಿಪಿಎಸ್ ಎಂದುಕೊಳ್ಳಿ. ಶೇ 90ರ ಲೆಕ್ಕದಲ್ಲಿ 86400 ಕಿಲೋಬಿಟ್ ಆಗುತ್ತದೆ. ಎಸ್‌ಕ್ಯೂಎಂ ಪುಟದಲ್ಲಿ ಸಂಖ್ಯೆ ಕಿಲೋಬಿಟ್‌ನಲ್ಲಿ ಇರಬೇಕು. ಎಂಬಿಪಿಎಸ್ ಎಂದು ಭಾವಿಸಿ ಬರೀ 86 ಎಂದು ಹಾಕಿದರೆ ಮನೆಯ ನೆಟ್ಟೆಲ್ಲ ಡಯಲ್‌ಅಪ್ ಕಾಲಕ್ಕೆ ಹೋಗುತ್ತದೆ. ಅಪ್‌ಲೋಡ್‌ಗೂ ಹಾಗೆಯೇ ಲೆಕ್ಕ ಹಾಕಿ. ಇಂಟರ್‌ಫೇಸ್ ಆಗಿ ವ್ಯಾನ್ ಆರಿಸಿ, ಪಿಪಿಪಿಒಇ ಇದ್ದರೆ ಪಿಪಿಪಿಒಇ-ವ್ಯಾನ್. ಸರತಿಯ ಕ್ರಮ 'ಕೇಕ್', ಸ್ಕ್ರಿಪ್ಟ್ 'ಪೀಸ್ ಆಫ್ ಕೇಕ್', ಲಿಂಕ್ ಲೇಯರ್ ಈಥರ್‌ನೆಟ್, ಓವರ್‌ಹೆಡ್ 44.

ಲೈನಿನ ನಿಜವಾದ ವೇಗಕ್ಕಿಂತ ನಾವು ತುಸು ಕೆಳಗೆ ಮಿತಿ ಹಾಕಿದಾಗ ಸರತಿ ಆಪರೇಟರ್‌ನ ಬಳಿ ಬೆಳೆಯದೆ ನಮ್ಮ ರೂಟರ್‌ನಲ್ಲೇ ಉಳಿಯುತ್ತದೆ. ಕೇಕ್ ಅದನ್ನು ಹಂಚಿ, ಡೌನ್‌ಲೋಡ್‌ನ ರಾಶಿಯ ನಡುವೆ ನಿಮ್ಮ ಕರೆಯ ಚಿಕ್ಕ ಪ್ಯಾಕೆಟ್‌ಗಳಿಗೆ ದಾರಿ ಬಿಡುತ್ತದೆ. ಪರೀಕ್ಷಿಸಲು 8.8.8.8ಕ್ಕೆ ಪಿಂಗ್ ಓಡಿಸುತ್ತಾ ದೊಡ್ಡ ಡೌನ್‌ಲೋಡ್ ಶುರುಮಾಡಿ. ಸುಮ್ಮನಿದ್ದಾಗಿನ ಪಿಂಗಿಗಿಂತ ಹತ್ತಿಪ್ಪತ್ತು ಮಿಲಿಸೆಕೆಂಡು ಏರಿದರೆ ಚಿಂತೆಯಿಲ್ಲ. ನೂರಾರು ಏರಿದರೆ ಮಿತಿಯನ್ನು ಇನ್ನೂ ಶೇ 5 ಇಳಿಸಿ. ಚೆನ್ನಾಗಿದ್ದರೆ ನಿಧಾನವಾಗಿ ಏರಿಸಿ ನೋಡಿ.

ಒಂದು ಎಚ್ಚರ. ಈ ಕೆಲಸವನ್ನೆಲ್ಲ ಸಿಪಿಯುವೇ ಮಾಡಬೇಕು, ಆದ್ದರಿಂದ ಫೈರ್‌ವಾಲ್ ಪುಟದ ಫ್ಲೋ ಆಫ್‌ಲೋಡಿಂಗ್ ಆಫ್ ಇರಲಿ. ಆನ್ ಇದ್ದರೆ ಪ್ಯಾಕೆಟ್‌ಗಳು ಸರತಿಯನ್ನು ತಪ್ಪಿಸಿಕೊಂಡು ಹೋಗುತ್ತವೆ. ಸಿ7ನಂಥ ಹಳೆಯ ಚಿಪ್‌ಗೆ 100 ಎಂಬಿಪಿಎಸ್ ಹೊರೆಯಲ್ಲ. 300 ಅಥವಾ 500ರ ಪ್ಲಾನ್ ಇರುವವರು ಅದೇ ರೂಟರ್‌ನಲ್ಲಿ ಕೇಕ್ ಹಾಕಿದರೆ ಸಿಪಿಯು ಸುಸ್ತಾಗಿ ವೇಗವೇ ಕುಸಿಯುತ್ತದೆ.

ಪ್ರಶ್ನೆ: ಫ್ಲ್ಯಾಶ್ ಮಾಡುತ್ತಿರುವಾಗಲೇ ಕರೆಂಟ್ ಹೋಯಿತು. ಸಿ7 ವರ್ಷನ್ 5ರಲ್ಲಿ ಪವರ್ ದೀಪ ಮಿನುಗುತ್ತದೆ ಅಷ್ಟೇ. ಬಿಸಾಡಬೇಕೇ?
— ವಿದ್ಯಾರ್ಥಿನಿ, ಕಲಬುರಗಿ

ಬಿಸಾಡಬೇಡಿ. ಸಾಮಾನ್ಯ ಫ್ಲ್ಯಾಶ್ ಬೂಟ್‌ಲೋಡರ್ (ರೂಟರನ್ನು ಎಬ್ಬಿಸುವ ಪುಟ್ಟ ತಂತ್ರಾಂಶ) ಭಾಗವನ್ನು ಮುಟ್ಟುವುದಿಲ್ಲ, ಅದು ಬದುಕಿದ್ದರೆ ರೂಟರ್ ಬದುಕುತ್ತದೆ. ಟಿಎಫ್‌ಟಿಪಿ (ಜಾಲದಲ್ಲಿ ಫೈಲ್ ಸಾಗಿಸುವ ಸರಳ ವಿಧಾನ) ದಾರಿ ಹೀಗಿದೆ. ಲ್ಯಾಪ್‌ಟಾಪಿನ ಈಥರ್‌ನೆಟ್‌ಗೆ ಸ್ಥಿರ ವಿಳಾಸ 192.168.0.66, ಮಾಸ್ಕ್ 255.255.255.0 ಕೊಡಿ. ಟಿಎಫ್‌ಟಿಪಿ ಸರ್ವರ್ ತಂತ್ರಾಂಶ ಓಡಿಸಿ, ಅದರ ಫೋಲ್ಡರ್‌ನಲ್ಲಿ ಫ್ಯಾಕ್ಟರಿ ಫೈಲನ್ನು ಈ ಮಾದರಿಯ ಓಪನ್‌ಡಬ್ಲ್ಯುಆರ್‌ಟಿ ಪುಟದಲ್ಲಿ ಹೇಳಿರುವ ರಿಕವರಿ ಹೆಸರಿಗೆ ಬದಲಿಸಿ ಇಡಿ. ದೊಡ್ಡಕ್ಷರ, ಚಿಕ್ಕಕ್ಷರ ಕೂಡ ಹಾಗೆಯೇ ಇರಬೇಕು. ರೂಟರ್ ಆಫ್ ಮಾಡಿ, ರಿಸೆಟ್ ಒತ್ತಿ ಹಿಡಿದೇ ಆನ್ ಮಾಡಿ, ಸುಮಾರು ಹತ್ತು ಸೆಕೆಂಡು ಹಿಡಿದಿರಿ. ಫೈಲನ್ನು ಕೇಳಿದ್ದು ಸರ್ವರ್‌ನ ಲಾಗ್‌ನಲ್ಲಿ ಕಂಡರೆ ಬೆರಳು ಬಿಡಿ, ಐದು ನಿಮಿಷ ಕಾಯಿರಿ.

ಲಾಗ್ ಖಾಲಿಯೇ ಉಳಿದರೆ ಹೆಚ್ಚಾಗಿ ಕಾರಣ ಎರಡು: ವಿಂಡೋಸ್ ಫೈರ್‌ವಾಲ್ ತಡೆಯುತ್ತಿರುತ್ತದೆ, ಅಥವಾ ರೂಟರ್ ಆನ್ ಆಗಿ ಫೈಲ್ ಕೇಳುವ ಹೊತ್ತಿಗೆ ಲ್ಯಾಪ್‌ಟಾಪಿನ ಪೋರ್ಟ್ ಇನ್ನೂ ಎದ್ದಿರುವುದಿಲ್ಲ. ಎರಡನೆಯದಕ್ಕೆ ನಡುವೆ ಒಂದು ಸಾದಾ ಈಥರ್‌ನೆಟ್ ಸ್ವಿಚ್ ಇಡಿ. ಲ್ಯಾಪ್‌ಟಾಪಿನ ಪೋರ್ಟ್ ಆಗ ಸದಾ ಎದ್ದಿರುತ್ತದೆ. ಮುಂದಿನ ಸಲ ರೂಟರನ್ನು ಯುಪಿಎಸ್‌ಗೆ ಹಾಕಿ ಫ್ಲ್ಯಾಶ್ ಮಾಡಿ.

ಸೆಟ್ಟಿಂಗ್ ಕೆಡಿಸಿಕೊಂಡು ಒಳಗೆ ಹೋಗಲಾಗದವರಿಗೆ ಇಷ್ಟೆಲ್ಲ ಬೇಕಿಲ್ಲ. ರೂಟರ್ ಪೂರ್ತಿ ಎದ್ದ ಮೇಲೆ ರಿಸೆಟ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿದರೆ ಓಪನ್‌ಡಬ್ಲ್ಯುಆರ್‌ಟಿ ಮೊದಲ ದಿನದ ಸ್ಥಿತಿಗೆ ಮರಳುತ್ತದೆ.

ಪ್ರಶ್ನೆ: ದೇಶವನ್ನು ಅಮೆರಿಕ ಎಂದು ಇಟ್ಟರೆ ವೈಫೈ ಪವರ್ ಹೆಚ್ಚುತ್ತದಂತೆ?
— ಓದುಗರು, ಮಂಗಳೂರು

ಭಾರತ ಎಂದೇ ಇಡಿ. ಇಲ್ಲಿಯ ನಿಯಮ ಮೀರಿ ಪ್ರಸಾರ ಮಾಡುವುದು ಅಪರಾಧ, ಲಾಭವೂ ಇಲ್ಲ. ರೂಟರ್ ಕೂಗಿದರೂ ಫೋನಿನ ಪುಟ್ಟ ಆಂಟೆನಾ ಅಷ್ಟೇ ಜೋರಾಗಿ ಉತ್ತರಿಸಲಾರದು. 2018ರ ಅಕ್ಟೋಬರ್‌ನಲ್ಲಿ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನು ಇಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿದ ಮೇಲೆ ಚಾನೆಲ್‌ಗಳಿಗೆ ಬರವಿಲ್ಲ. ನೆನಪಿರಲಿ, 52ರಿಂದ 144ರ ಚಾನೆಲ್‌ಗಳಲ್ಲಿ ರೂಟರ್ ಮೊದಲು ರೇಡಾರ್ ಇದೆಯೇ ಎಂದು ಆಲಿಸುತ್ತದೆ. ಆನ್ ಮಾಡಿದ ಒಂದು ನಿಮಿಷವಾದರೂ ವೈಫೈ ಕಾಣದಿದ್ದರೆ ಅದು ಕೆಟ್ಟಿಲ್ಲ. ಅವಸರವಿದ್ದರೆ 36 ಅಥವಾ 149 ಇಡಿ.

ಪ್ರಶ್ನೆ: ಅಪ್‌ಗ್ರೇಡ್ ಮಾಡಿದಾಗ ಎಸ್‌ಕ್ಯೂಎಂ ಮಾಯವಾಯಿತು. ಯಾಕೆ?
— ಓದುಗರು, ಮೈಸೂರು

'ಸೆಟ್ಟಿಂಗ್ ಉಳಿಸು' ಎಂದರೆ ಸಂರಚನೆಯ ಫೈಲುಗಳು ಉಳಿಯುತ್ತವೆ, ನೀವು ಆಮೇಲೆ ಹಾಕಿದ ಪ್ಯಾಕೇಜ್‌ಗಳು ಉಳಿಯುವುದಿಲ್ಲ. ಎಸ್‌ಕ್ಯೂಎಂ ಮತ್ತೆ ಹಾಕಿ, ಹಳೆಯ ಸಂಖ್ಯೆಗಳು ಅಲ್ಲೇ ಇರುತ್ತವೆ. 'ಅಟೆಂಡೆಡ್ ಸಿಸ್‌ಅಪ್‌ಗ್ರೇಡ್' ಬಳಸಿದರೆ ಅದು ನಿಮ್ಮ ಪ್ಯಾಕೇಜ್‌ಗಳನ್ನು ಸೇರಿಸಿಯೇ ಹೊಸ ಫೈಲ್ ಕಟ್ಟಿಸಿ ತರುತ್ತದೆ. ಸಾಫ್ಟ್‌ವೇರ್ ಪುಟದಲ್ಲಿ ಕಾಣುವ ಎಲ್ಲ ಪ್ಯಾಕೇಜ್‌ಗಳನ್ನೂ ಒಂದೊಂದಾಗಿ ಅಪ್‌ಗ್ರೇಡ್ ಮಾಡುತ್ತಾ ಹೋಗಬೇಡಿ. ಹಳೆಯದು ಓದಲು ಮಾತ್ರವಿರುವ ಭಾಗದಲ್ಲಿ ಹಾಗೆಯೇ ಉಳಿದು, ಹೊಸದು ಬೇರೆ ಜಾಗ ತಿಂದು, 16 ಎಂಬಿ ಫ್ಲ್ಯಾಶ್ ಬೇಗ ತುಂಬಿಹೋಗುತ್ತದೆ.

ಪ್ರಶ್ನೆ: ಹೊಸದಾಗಿ ಕೊಳ್ಳುವುದಾದರೆ ಯಾವುದು?
— ಓದುಗರು, ಪುಣೆ

ಮೊದಲು ಓಪನ್‌ಡಬ್ಲ್ಯುಆರ್‌ಟಿಯ ಯಂತ್ರಾಂಶ ಪಟ್ಟಿ ನೋಡಿ, ಆಮೇಲೆ ಅಂಗಡಿಗೆ ಹೋಗಿ. ಮೀಡಿಯಾಟೆಕ್ ಫಿಲಾಜಿಕ್ ಚಿಪ್‌ನ ವೈಫೈ 6 ರೂಟರ್‌ಗಳಿಗೆ ಈಗ ಒಳ್ಳೆಯ ಬೆಂಬಲವಿದೆ. ಬ್ರಾಡ್‌ಕಾಮ್ ವೈಫೈ ಇರುವವನ್ನು ಇದಕ್ಕಾಗಿ ಕೊಳ್ಳಬೇಡಿ, ಅವುಗಳ ಚಾಲಕ ತಂತ್ರಾಂಶ ಮುಕ್ತವಾಗಿಲ್ಲ. ಅಂಥ ರೂಟರ್ ಆಗಲೇ ಮನೆಯಲ್ಲಿದ್ದರೆ ಫ್ರೆಶ್‌ಟೊಮ್ಯಾಟೊ, ಡಿಡಿ-ಡಬ್ಲ್ಯುಆರ್‌ಟಿ ಎಂಬ ಬೇರೆ ಫರ್ಮ್‌ವೇರ್‌ಗಳ ಪಟ್ಟಿ ನೋಡಿ, ಆಸುಸ್ ಆಗಿದ್ದರೆ ಮರ್ಲಿನ್. 2024ರ ಕೊನೆಗೆ ಬಂದ 'ಓಪನ್‌ಡಬ್ಲ್ಯುಆರ್‌ಟಿ ಒನ್' ಈ ಯೋಜನೆಯವರೇ ರೂಪಿಸಿದ ರೂಟರ್: 1 ಜಿಬಿ ರ‍್ಯಾಮ್, 256 ಎಂಬಿ ಫ್ಲ್ಯಾಶ್, ಜೊತೆಗೆ ಪುನಶ್ಚೇತನಕ್ಕೆಂದೇ ಬೇರೆ 16 ಎಂಬಿಯ ಚಿಪ್. ಫ್ಲ್ಯಾಶ್ ಕೆಟ್ಟರೆ ಒಂದು ಸ್ವಿಚ್ ಸರಿಸಿ ಆ ಚಿಪ್‌ನಿಂದ ಬೂಟ್ ಮಾಡಬಹುದು. ಲ್ಯಾನ್ ಪೋರ್ಟ್ ಮಾತ್ರ ಒಂದೇ. ಟಿವಿ, ಕಂಪ್ಯೂಟರ್ ಎರಡಕ್ಕೂ ಕೇಬಲ್ ಬೇಕಾದವರು ಜೊತೆಗೆ ಒಂದು ಸ್ವಿಚ್ ಕೊಳ್ಳಬೇಕಾಗುತ್ತದೆ.