ಹಿಮ ಹಳದಿಯಾಗಿದ್ದು ಕತ್ತಲೆಯಿಂದಲೇ ಇರಬಹುದು

ನಿಮ್ಮ ಚಿತ್ರದ ಹಿಮ ಹಳದಿಗೆ ತಿರುಗಿದ್ದು ಯಾಕೆ ಎಂದು ಕೇಳಿದ್ದೀರಿ. ಕಾರಣ ಬಹುಶಃ ಕತ್ತಲೆ. ಫ್ಲೆಮಿಶ್ ಚಿತ್ರಕಾರ ಬ್ರೂಗಲ್ 1565ರಲ್ಲಿ ಬರೆದ ಹಿಮದ ಹಳ್ಳಿಯನ್ನು ನೋಡಿ ನೀವು ಮಾಡಿದ ತೈಲಚಿತ್ರ ಒಂದು ವರ್ಷ ಬಟ್ಟೆ ಸುತ್ತಿ ಅಟ್ಟದ ಮೇಲಿತ್ತು ಅಂದಿದ್ದೀರಿ. ಬಣ್ಣದಲ್ಲಿರುವ ಅಗಸೆ ಎಣ್ಣೆ ಬೆಳಕಿಲ್ಲದ ಕಡೆ ಹಳದಿಯಾಗುತ್ತದೆ. ಬಿಳಿ ಜಾಸ್ತಿ ಇರುವ ಚಿತ್ರದಲ್ಲಿ ಅದು ಬೇಗ ಕಣ್ಣಿಗೆ ಬೀಳುತ್ತದೆ. ಬೆಳಕಿಗಿಟ್ಟರೆ ಬಹಳಷ್ಟು ಮತ್ತೆ ಬಿಳುಪಾಗುತ್ತದೆ, ಗಾಬರಿ ಬೇಡ.

ಮೊದಲು ಒಣ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯಿರಿ. ಆಮೇಲೆ, ಕಾರಣ ಕತ್ತಲೆಯೇ ಹೌದೋ ಎಂದು ತಿಳಿಯಲು, ಹಿಮದ ಮೇಲೆ ಎರಡು ಬೆರಳಗಲದ ಕಪ್ಪು ಕಾಗದದ ಪಟ್ಟಿ ಇಳಿಬಿಡಿ. ಮೇಲ್ತುದಿಯನ್ನು ಫ್ರೇಮ್‌ಗೆ ಮಾತ್ರ ಅಂಟಿಸಿ, ಬಣ್ಣಕ್ಕೆ ಟೇಪ್ ತಾಗಬಾರದು. ಚಿತ್ರವನ್ನು ಕಿಟಕಿ ಹತ್ತಿರ, ನೇರ ಬಿಸಿಲು ಬೀಳದ ಕಡೆ ಮೂರು ನಾಲ್ಕು ವಾರ ಇಡಿ. ನನ್ನ ಒಂದು ಚಿತ್ರದಲ್ಲಿ ಹೀಗೆ ಮಾಡಿದಾಗ ಪಟ್ಟಿ ತೆಗೆದ ಜಾಗ ಬೆಣ್ಣೆ ಬಣ್ಣದಲ್ಲಿತ್ತು, ಪಕ್ಕದ್ದು ಬೆಳ್ಳಗಾಗಿತ್ತು. ಅಂಥ ವ್ಯತ್ಯಾಸ ಕಂಡರೆ ಪಟ್ಟಿ ತೆಗೆದು ಇನ್ನಷ್ಟು ದಿನ ಅಲ್ಲೇ ಬಿಡಿ.

ವ್ಯತ್ಯಾಸವೇ ಕಾಣದಿದ್ದರೆ? ವಾರ್ನಿಷ್ ಹಚ್ಚಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಡಮಾರ್ ಎಂಬ ಮರದ ರಾಳದ ವಾರ್ನಿಷ್ ಹಚ್ಚಿದ್ದರೆ ಅದೇ ಹಳದಿಯಾಗಿರಬಹುದು. ಅದನ್ನು ಟರ್ಪೆಂಟೈನ್ ಹಾಕಿ ನೀವೇ ಉಜ್ಜಬೇಡಿ, ಕೆಳಗಿನ ಬಣ್ಣವೂ ಎದ್ದು ಬರುತ್ತದೆ. ಚಿತ್ರ ಸಂರಕ್ಷಣೆ ಮಾಡುವವರಿಗೆ ತೋರಿಸಿ. ಆಲೂಗಡ್ಡೆ, ನಿಂಬೆಹಣ್ಣು ತಿಕ್ಕುವ ಮನೆಮದ್ದು ದಯವಿಟ್ಟು ಬೇಡ.

ಮುಂದಿನ ಸಲ ಹಿಮಕ್ಕೆ ಕುಸುಬೆ ಎಣ್ಣೆಯಲ್ಲಿ ಅರೆದ ಟೈಟಾನಿಯಂ ವೈಟ್ ತೆಗೆದುಕೊಳ್ಳಿ. ಹಳದಿಯಾಗುವುದು ಕಡಿಮೆ, ಆದರೆ ನಿಧಾನವಾಗಿ ಒಣಗುತ್ತದೆ. ಹಾಗಾಗಿ ಮೇಲಿನ ಪದರಕ್ಕೆ ಮಾತ್ರ ಬಳಸಿ.