ಓದುಗರ ಪ್ರಶ್ನೆ: ವಿಮಾನದ ಚಕ್ರಕ್ಕೆ ಯಾವ ಹಬ್ ಕ್ಯಾಪ್?

ಪ್ರಶ್ನೆ: ಸರ್, ನಾನು ಮತ್ತು ಇಬ್ಬರು ಗೆಳೆಯರು ಸೇರಿ ಹಳೇ ಸೆಸ್ನಾ 172 ಪುಟ್ಟ ವಿಮಾನ ತಗೊಂಡಿದ್ದೇವೆ. ನಮ್ಮ ಕಡೆಯ ಒಂದು ಖಾಸಗಿ ಏರ್‌ಸ್ಟ್ರಿಪ್‌ನಲ್ಲಿ ಅದನ್ನು ನಿಲ್ಲಿಸುತ್ತೇವೆ. ಎಡಗಡೆ ಚಕ್ರದ ಹಬ್ ಕ್ಯಾಪ್ ಸೀಳಿದೆ. ಬಲಗಡೆಯದು ನಾವು ತಗೊಂಡಾಗಲೇ ಇರಲಿಲ್ಲ. ಬಳ್ಳಾರಿಯಲ್ಲಿ ಪರಿಚಯದ ಲೇತ್‌ನವರು ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಫಳಫಳ ಹೊಳೆಯುವ ಜೋಡಿ ಮಾಡಿಕೊಡ್ತೀವಿ ಅಂತಾರೆ. ಒಬ್ಬ ಗೆಳೆಯ, ಕ್ಯಾಪ್ ಸುಮ್ನೆ ಅಂದಕ್ಕೆ, ಇಲ್ಲದಿದ್ರೂ ನಡೆಯುತ್ತೆ ಅಂತಾನೆ. ಇನ್ನೊಬ್ಬ, ಇಡೀ ಚಕ್ರವನ್ನು ಮುಚ್ಚುವ ಹೊದಿಕೆ, ಅಂದ್ರೆ ಫೇರಿಂಗ್ ಹಾಕಿಸಿಬಿಡೋಣ ಅಂತಾನೆ. ಏನು ಮಾಡೋಣ?
– ಓದುಗರು, ಕೊಪ್ಪಳ

ಉತ್ತರ: ಮೊದಲು "ಇಲ್ಲದಿದ್ರೂ ನಡೆಯುತ್ತೆ" ಅಂದ ಗೆಳೆಯರಿಗೆ ಹೇಳುತ್ತೇನೆ. ಕಾರಿನ ವೀಲ್ ಕ್ಯಾಪ್ ನೋಡಿ ನೋಡಿ ಹಾಗೆ ಅನಿಸುವುದು ಸಹಜ. ಅದು ದಾರಿಯಲ್ಲಿ ಬಿದ್ದುಹೋದರೆ ಯಾರೂ ಹಿಂದೆ ಹೋಗಿ ಹುಡುಕುವುದಿಲ್ಲ. ನಿಮ್ಮ ಸೆಸ್ನಾದ ಕ್ಯಾಪ್ ಬೇರಿಂಗಿನ ಮುಚ್ಚಳ. ಅದರ ಹಿಂದೆಯೇ ಆಕ್ಸಲ್ ತುದಿ, ನಟ್, ಸ್ಪ್ಲಿಟ್ ಪಿನ್ ಇವೆ. ಅದರಾಚೆ ಟೇಪರ್ ರೋಲರ್ ಬೇರಿಂಗ್. ಬೇರಿಂಗನ್ನು ಕಾಯುವುದಕ್ಕೆ ಒಂದು ಫೆಲ್ಟ್ ಸೀಲ್ ಇರುತ್ತದೆ ನಿಜ, ಆದರೆ ಆ ಬಟ್ಟೆಯಂಥ ಬಳೆ ಒಂದೇ ನಮ್ಮ ಸೀಮೆಯ ಧೂಳನ್ನು ಎಷ್ಟು ದಿನ ತಡೆದೀತು?

ನಮ್ಮ ಧೂಳು ಬೇರೆ ಊರಿನ ಧೂಳಿನಂತಲ್ಲ. ಸಂಡೂರು, ತೋರಣಗಲ್ಲಿನಿಂದ ಗಿಣಿಗೇರಾವರೆಗೆ ಗಾಳಿಯಲ್ಲಿ ಅದಿರಿನ ಪುಡಿ ಇದೆ. ಗಾಜಿಗೆ, ಲೋಹಕ್ಕೆ ಪಾಲಿಶ್ ಕೊಡುವ ಕೆಂಪು ಪುಡಿ ಯಾವುದು ಗೊತ್ತಾ? ಅದೂ ಕಬ್ಬಿಣದ ಆಕ್ಸೈಡೇ. ಅದು ಗ್ರೀಸಿಗೆ ಬೆರೆತರೆ ಬೇರಿಂಗಿಗೆ ತೇಯುವ ಪೇಸ್ಟ್ ಹಚ್ಚಿದ ಹಾಗೇ.

ಕ್ಯಾಪ್ ಇಲ್ಲದೆ ಬೇಸಿಗೆಯಿಡೀ ಓಡಿದ ಚಕ್ರಗಳನ್ನು ನಾನು ಬಿಚ್ಚಿದ್ದೇನೆ. ಹೊರಗಡೆ ಬೇರಿಂಗಿನ ಗ್ರೀಸ್ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಎರಡು ಬೆರಳ ನಡುವೆ ಇಟ್ಟು ತಿಕ್ಕಿದರೆ ಸಣ್ಣ ಮರಳು ಸಿಕ್ಕ ಹಾಗೆ ಗರಗರ ಅನ್ನುತ್ತದೆ. ಫೆಲ್ಟ್ ಒಣಗಿ ಚಪ್ಪಟೆಯಾಗಿ, ಅಂಚಿನಲ್ಲಿ ಕಪ್ಪಾಗಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದರೆ ರೋಲರುಗಳ ಮೇಲೆ ಹೊಳಪು ಹೋಗಿ ಮಬ್ಬು ಗೀರು ಕಾಣುತ್ತದೆ. ಕೆಲವು ರೋಲರುಗಳಲ್ಲಿ ನೀಲಿ ಛಾಯೆ ಕಂಡರೆ ಅದು ಬಿಸಿಗೆ ಬೆಂದ ಗುರುತು, ಆ ಬೇರಿಂಗನ್ನು ಎಸೆಯಲೇಬೇಕು. ಅದಕ್ಕೇ ಹೇಳುತ್ತೇನೆ: ಕ್ಯಾಪ್ ಆರಿಸುವ ಮೊದಲು ಬಲಗಡೆ ಚಕ್ರ ಬಿಚ್ಚಿಸಿ ನೋಡಿ. ಅಲ್ಲಿಯವರೆಗೆ ಹಾರಬೇಡಿ. ಹೊಸ ಕ್ಯಾಪ್ ಹಳೇ ಕೊಳೆಯನ್ನು ಒಳಗೇ ಮುಚ್ಚಿಡುತ್ತದೆ, ಅಷ್ಟೆ.

ಈಗ ಲೇತ್ ವಿಚಾರ. ಬಳ್ಳಾರಿ ಲೇತ್‌ನವರ ಕೈಗುಣದ ಬಗ್ಗೆ ನನಗೆ ಗೌರವ ಇದೆ. ಅದಿರಿನ ಲಾರಿಗಳನ್ನು ವರ್ಷಗಟ್ಟಲೆ ಓಡಿಸಿದ್ದೇ ಅವರು. ಆದರೂ ಈ ಕೆಲಸ ಅವರಿಗೆ ಕೊಡಬೇಡಿ. 172ಕ್ಕೆ ಬರುವ ಕ್ಲೀವ್‌ಲ್ಯಾಂಡ್ ಕಂಪನಿಯ ಚಕ್ರಗಳಲ್ಲಿ ಅಲ್ಯುಮಿನಿಯಂ ಎರಕದವೂ ಇವೆ, ಮೆಗ್ನೀಸಿಯಂ ಎರಕದವೂ ಇವೆ. ಮೆಗ್ನೀಸಿಯಂಗೆ ಸ್ಟೇನ್‌ಲೆಸ್ ತಾಗಿಸಿ ಒಂದು ಮಳೆ ನೀರು ಬಿಟ್ಟರೆ ತಿನ್ನಿಸಿಕೊಳ್ಳುವುದು ಚಕ್ರವೇ ಹೊರತು ಕ್ಯಾಪ್ ಅಲ್ಲ. ಬಿಳಿ ಪುಡಿ ಉದುರುತ್ತದೆ, ಸ್ಕ್ರೂ ತೂತಿನ ಥ್ರೆಡ್ ಸವೆಯುತ್ತದೆ. ಚಕ್ರದ ಬೆಲೆ ಮುಂದೆ ಕ್ಯಾಪಿನ ಬೆಲೆ ಏನೂ ಅಲ್ಲ. ಇನ್ನೊಂದು, ಅಳತೆ ಕೂದಲೆಳೆಯಷ್ಟು ತಪ್ಪಿದರೂ ಕ್ಯಾಪ್ ಅದುರಿ ಅದುರಿ ಸಡಿಲಾಗುತ್ತದೆ. ರನ್‌ವೇ ಮೇಲೆ ಬಿದ್ದ ಲೋಹದ ತುಂಡು ಹಿಂದೆ ಬರುವ ವಿಮಾನದ ಟೈರಿಗೆ, ಪ್ರೊಪೆಲ್ಲರಿಗೆ ಅಪಾಯ.

ಇದರ ಜೊತೆ ಕಾನೂನೂ ಇದೆ. ನೋಂದಣಿ ವಿಟಿ ಅಂತ ಶುರುವಾಗುವ, ಅಂದರೆ ಭಾರತದಲ್ಲಿ ನೋಂದಣಿಯಾದ ವಿಮಾನಕ್ಕೆ ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯ ಡಿಜಿಸಿಎಯ ನಿಯಮ ಬರುತ್ತದೆ. ಹಾಕುವ ಭಾಗಕ್ಕೆ, ಅದು ಬಳಕೆಗೆ ಯೋಗ್ಯ ಅಂತ ಹೇಳುವ ರಿಲೀಸ್ ಸರ್ಟಿಫಿಕೇಟ್ ಬೇಕು. ಅಮೆರಿಕದಿಂದ ತರಿಸಿದರೆ ಅಲ್ಲಿನ ವಿಮಾನ ಸುರಕ್ಷತಾ ಸಂಸ್ಥೆ ಎಫ್‌ಎಎಯ 8130-3 ಫಾರ್ಮ್, ಯುರೋಪಿನಿಂದ ತರಿಸಿದರೆ ಅಲ್ಲಿನ ಸಂಸ್ಥೆ ಈಎಎಸ್‌ಎಯ ಫಾರ್ಮ್ 1. ಹಾಕಿದ ಮೇಲೆ ಲೈಸೆನ್ಸ್ ಇರುವ ವಿಮಾನ ನಿರ್ವಹಣಾ ಎಂಜಿನಿಯರ್ (ಎಎಂಇ) ಲಾಗ್‌ಬುಕ್ಕಿನಲ್ಲಿ ಬರೆದು ಸಹಿ ಮಾಡಬೇಕು. ಪಿಎಂಎ ಗುರುತಿನ ಕ್ಯಾಪೂ ಸಿಗುತ್ತದೆ. ಮೂಲ ಕಂಪನಿಯದಲ್ಲದಿದ್ದರೂ ಎಫ್‌ಎಎ ಒಪ್ಪಿಗೆ ಪಡೆದು ಮಾಡಿದ್ದು ಅದು. ನಿಮ್ಮ ಮಾಡೆಲ್ ಅದರ ಪಟ್ಟಿಯಲ್ಲಿ ಇದ್ದರೆ ಧೈರ್ಯವಾಗಿ ತಗೊಳ್ಳಿ.

ಹಾಗಾದರೆ ಯಾವುದು? "172ಕ್ಕೆ ಒಂದು ಜೊತೆ ಕ್ಯಾಪ್ ಕೊಡಿ" ಅಂತ ಕೇಳಿದರೆ ತಪ್ಪಿದ್ದೇ ಬರುವ ಸಾಧ್ಯತೆ ಜಾಸ್ತಿ. 172 ತಯಾರಿಕೆ ಶುರುವಾಗಿದ್ದು 1950ರ ದಶಕದಲ್ಲಿ. ಇಷ್ಟು ವರ್ಷಗಳಲ್ಲಿ ಅದಕ್ಕೆ ಕ್ಲೀವ್‌ಲ್ಯಾಂಡ್ ಚಕ್ರವೂ ಬಂದಿದೆ, ಮ್ಯಾಕಾಲಿ ಚಕ್ರವೂ ಬಂದಿದೆ. ಒಂದರ ಕ್ಯಾಪ್ ಇನ್ನೊಂದಕ್ಕೆ ಕೂರುತ್ತದೆ ಅಂತ ನಂಬಬೇಡಿ. ಟೈರಿನ ಅಳತೆ ಎರಡರಲ್ಲೂ 6.00-6 ಇದ್ದರೂ ಹಬ್ ಬೇರೆ. ಚಕ್ರ ಒರೆಸಿ, ಅದರ ಮೇಲಿನ ಕಂಪನಿ ಹೆಸರು, ಪಾರ್ಟ್ ನಂಬರ್ ಓದಿ. ಕ್ಲೀವ್‌ಲ್ಯಾಂಡ್ ಚಕ್ರದ ನಂಬರ್ 40ರಿಂದ ಶುರುವಾಗುತ್ತದೆ. 30ರಿಂದ ಶುರುವಾದರೆ ಅದು ಬ್ರೇಕಿನದು. ಆಮೇಲೆ ವಿಮಾನದ ಸೀರಿಯಲ್ ನಂಬರ್ ಹಿಡಿದು ಪಾರ್ಟ್ಸ್ ಕ್ಯಾಟಲಾಗ್ ತೆಗೆಯಿರಿ. ಹಿಂದಿನ ಮಾಲೀಕರು ಚಕ್ರ ಬದಲಿಸಿರಬಹುದು. ಕ್ಯಾಟಲಾಗ್ ಹೇಳುವುದಕ್ಕೂ ಕಣ್ಣೆದುರಿನ ಚಕ್ರಕ್ಕೂ ತಾಳೆ ಆಗದಿದ್ದರೆ ಹಳೇ ಲಾಗ್‌ಬುಕ್ ನೋಡದೆ ಮುಂದೆ ಹೋಗಬೇಡಿ.

ಸ್ಕ್ರೂಗಳೂ ಕ್ಯಾಟಲಾಗಿನಲ್ಲಿ ಹೇಳಿದವೇ ಇರಲಿ. ಅದೇ ದಪ್ಪ, ಅದೇ ಉದ್ದ. ಪ್ಲಾಸ್ಟಿಕ್ ಕ್ಯಾಪ್ ಆದರೆ ಜಾಸ್ತಿ ಬಿಗಿಯಬೇಡಿ, ಸೀಳು ಮೊದಲು ಸ್ಕ್ರೂ ತೂತಿನ ಸುತ್ತವೇ ಬರುತ್ತದೆ. ನಿಮ್ಮ ಎಡಗಡೆಯದು ಸೀಳಿದ್ದೂ ಹಾಗೇ ಇರಬೇಕು ಅಂತ ನನ್ನ ಅನುಮಾನ. ಅಲ್ಯುಮಿನಿಯಂ ಕ್ಯಾಪ್ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಹೊಳಪು ಬೇಕು ಅಂದರೆ ಬಟ್ಟೆ ಹಿಡಿದು ತಿಕ್ಕಿ, ಚೆನ್ನಾಗಿಯೇ ಹೊಳೆಯುತ್ತದೆ.

ಫೇರಿಂಗ್ ಹಾಕಿಸಿದರೆ ವೇಗ ಸ್ವಲ್ಪ ಸಿಗುತ್ತದೆ, ನೋಡಲೂ ಚೆಂದ. ಆದರೆ ನಿಮ್ಮ ಸ್ಟ್ರಿಪ್ ಪಕ್ಕ ಎರೆಮಣ್ಣು ಇದ್ದು, ಮಳೆಗಾಲದಲ್ಲಿ ಅದರ ಮೇಲೆ ಚಕ್ರ ಹಾಯುವುದಿದ್ದರೆ ಬೇಡ. ಕೆಸರು ಒಳಗೆ ತುಂಬಿ ಒಣಗಿ ಕಲ್ಲಾಗುತ್ತದೆ. ಹಬ್ ಕಣ್ಣಿಗೂ ಬೀಳುವುದಿಲ್ಲ. ಹಾಕಿಸಲೇಬೇಕು ಅಂದರೆ ಕ್ಯಾಪ್ ಆರ್ಡರ್ ಮಾಡುವ ಮೊದಲೇ ತೀರ್ಮಾನ ಮಾಡಿ. ಫೇರಿಂಗನ್ನು ಆಕ್ಸಲ್ ತುದಿಗೆ ಬೋಲ್ಟ್ ಹಾಕಿ ಹಿಡಿಸುವ ಜೋಡಣೆ ಇದ್ದರೆ ಮಧ್ಯೆ ತೂತಿರುವ ಕ್ಯಾಪೇ ಬೇಕಾಗುತ್ತದೆ.

ಗ್ರೀಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಲಾರಿ ಶೆಡ್ಡಿನ ಡಬ್ಬಿಯಿಂದ ಒಂದು ಉಂಡೆ ತಂದು ಹಚ್ಚಬೇಡಿ. ವಿಮಾನದ ಚಕ್ರಕ್ಕೆ ಬಳಸುವ ಏರೋಶೆಲ್ 22 ಜೇಡಿಮಣ್ಣಿನ ಜಾತಿಯ ಗ್ರೀಸ್, ಲಾರಿಗಳಿಗೆ ಹಾಕುವುದು ಸಾಮಾನ್ಯವಾಗಿ ಲಿಥಿಯಂ ಗ್ರೀಸ್. ಎರಡೂ ಬೆರೆತರೆ ನೀರಾಗಿ ಹರಿದುಬಿಡಬಹುದು. ಬೇರೆ ಗ್ರೀಸಿಗೆ ಹೋಗುವುದಿದ್ದರೆ ಹಳೆಯದನ್ನು ಪೂರ್ತಿ ತೊಳೆದೇ ಹೋಗಬೇಕು. ಸೆಸ್ನಾ ಕೈಪಿಡಿ ಬೇರಿಂಗಿಗೆ ಗ್ರೀಸ್ ತುಂಬುವ ಅವಧಿ ಹೇಳಿ, ಧೂಳು ಕೆಸರಿನ ಜಾಗದಲ್ಲಿ ಅದಕ್ಕಿಂತ ಬೇಗ ಮಾಡಿ ಅನ್ನುತ್ತದೆ. ನಮ್ಮದು ಅಂಥದೇ ಜಾಗ. ವಾಟರ್ ಸರ್ವಿಸ್ ಪೈಪನ್ನಂತೂ ಹಬ್ ಕಡೆ ತಿರುಗಿಸಲೇಬೇಡಿ.

ಹೊಸ ಕ್ಯಾಪ್ ಕೂತ ಮೇಲೆ ಪ್ರತಿ ಸಲ ಹಾರುವ ಮುಂಚೆ ಬಗ್ಗಿ ನೋಡಿ. ಸ್ಕ್ರೂ ಎಲ್ಲ ಇವೆಯಾ? ಕ್ಯಾಪಿನ ಅಂಚಿನ ಸುತ್ತ ಕೆಂಪು ಉಂಗುರ ಕಟ್ಟಿದೆಯಾ? ಕಟ್ಟಿದ್ದರೆ ಅದು ಸರಿಯಾಗಿ ಕೂತಿಲ್ಲ. ಗ್ರೀಸ್ ಹೊರಗೆ ಹರಿದು ಗೆರೆ ಬಿದ್ದಿದ್ದರೆ ಎಎಂಇಗೆ ತೋರಿಸದೆ ಹೊರಡಬೇಡಿ. ಚಕ್ರದ ನಂಬರಿನ ಫೋಟೊ ತೆಗೆದು ಪತ್ರಿಕೆಗೆ ಕಳಿಸಿ, ನಾನೂ ನೋಡಿ ಹೇಳುತ್ತೇನೆ.

ಪ್ರಶ್ನೆ: ದೊಡ್ಡ ವಿಮಾನಗಳ ಚಕ್ರಕ್ಕೂ ಹಬ್ ಕ್ಯಾಪ್ ಇರುತ್ತಾ ಸರ್?
– ಪಿಯುಸಿ ವಿದ್ಯಾರ್ಥಿನಿ, ರಾಯಚೂರು

ಉತ್ತರ: ಇರುತ್ತಮ್ಮಾ, ಮತ್ತೆ ಅದಕ್ಕೆ ಇನ್ನೂ ಒಂದು ಕೆಲಸ ಇರುತ್ತದೆ. ಬೋಯಿಂಗ್ 737ರಂಥ ವಿಮಾನದ ಮುಖ್ಯ ಚಕ್ರಗಳಲ್ಲಿ, ಆಕ್ಸಲ್ ಒಳಗೆ ಕೂತ ಒಂದು ಸೆನ್ಸರನ್ನು ಹಬ್ ಕ್ಯಾಪೇ ತಿರುಗಿಸುತ್ತದೆ. ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಒದ್ದೆ ರನ್‌ವೇ ಮೇಲೆ ಬ್ರೇಕ್ ಹಿಡಿದಾಗ ಒಂದು ಚಕ್ರ ತಿರುಗುವುದು ನಿಂತು ಜಾರಲು ಶುರುವಾದರೆ, ಆ್ಯಂಟಿ-ಸ್ಕಿಡ್ ವ್ಯವಸ್ಥೆ ಆ ಚಕ್ರದ ಬ್ರೇಕನ್ನು ಕ್ಷಣ ಸಡಿಲಿಸಿ ಮತ್ತೆ ಹಿಡಿಯುತ್ತದೆ. ನಿಮ್ಮೂರ ಯರಮರಸ್‌ನ ನಿಲ್ದಾಣದಲ್ಲಿ ವಿಮಾನ ಇಳಿಯುವ ಕಾಲ ಬಂದಾಗ ಚಕ್ರದ ನಡುವೆ ಕಣ್ಣಿಟ್ಟು ನೋಡು, ಕಾಣುತ್ತದೆ.