ಕಾರ್ಖಾನೆ ಅಲ್ಲೇ ಇತ್ತು, ಕೆಲಸಗಾರರೂ ಇದ್ದರು. ಹೋದದ್ದೇನು?

ಪ್ರಿಯ ಮೇಷ್ಟ್ರೇ,

ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಆದರೆ ನೀವು ಎತ್ತಿದ ಪ್ರಶ್ನೆ ಬೇರೆ ಓದುಗರನ್ನೂ ತಲುಪಬೇಕು. ಅದಕ್ಕೇ ಪತ್ರದ ಮುಖ್ಯ ಭಾಗವನ್ನು ಇಲ್ಲಿ ಕೊಡುತ್ತಿದ್ದೇನೆ.

“ಅಮೆರಿಕದ 1929ರ ಮಹಾ ಕುಸಿತದ ಬಗ್ಗೆ, ಷೇರು ಬೆಲೆ ಬಿದ್ದು, ಕಾರ್ಖಾನೆಗಳು ಮುಚ್ಚಿ, ಜನ ಕೆಲಸ ಕಳೆದುಕೊಂಡದ್ದರ ಬಗ್ಗೆ, ನಿಮ್ಮ ಕಳೆದ ಸಂಚಿಕೆಯಲ್ಲಿ ಓದಿದೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಲೆಕ್ಕ ತಾಳೆ ಆಗದಿದ್ದರೆ ಸುಮ್ಮನಿರಲು ಆಗುವುದಿಲ್ಲ. 1929ರಲ್ಲಿದ್ದ ಕಾರ್ಖಾನೆಗಳು, ರೈಲುಗಳು 1933ರಲ್ಲೂ ಹಾಗೇ ಇದ್ದವು. ಕೆಲಸ ಬಲ್ಲ ಜನರೂ ಇದ್ದರು. ನಡುವೆ ಯುದ್ಧ ಆಗಲಿಲ್ಲ. ಹಾಗಿದ್ದರೆ ಸಂಪತ್ತು ಎಲ್ಲಿಗೆ ಹೋಯಿತು? ಬೆಲೆ ಇಳಿದರೆ ಕೊಳ್ಳುವವರು ಹೆಚ್ಚುತ್ತಾರೆ ಅಂತ ಅರ್ಥಶಾಸ್ತ್ರದ ಮೊದಲ ಪಾಠವೇ ಹೇಳುತ್ತದೆ. ಅದೂ ಆಗಲಿಲ್ಲ. ಅಂದರೆ ಆ ನಿಯಮಗಳು ಒಳ್ಳೆಯ ದಿನಗಳಿಗೆ ಮಾತ್ರವೋ? ಕೆಲವರ ದುರಾಸೆಯಿಂದ ಇದೆಲ್ಲ ಆಯಿತು ಎಂದು ಮಕ್ಕಳಿಗೆ ಹೇಳಿದರೆ ತಪ್ಪಾ?”

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹೌದು, ತಪ್ಪು ಎಂದೇ ನನಗೆ ಅನಿಸುತ್ತದೆ. ದುರಾಸೆ 1925ರಲ್ಲೂ ಇತ್ತು, 1935ರಲ್ಲೂ ಇತ್ತು. ಬದಲಾಗದೆ ಇರುವ ಒಂದು ಸಂಗತಿಯಿಂದ ಬದಲಾವಣೆಯನ್ನು ವಿವರಿಸಲು ಆಗುವುದಿಲ್ಲ, ಅಲ್ವಾ? ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಆ ವರ್ಷಗಳಲ್ಲಿ ಏನು ಬದಲಾಯಿತು ಅಂತ ಹುಡುಕಬೇಕು. ದೊಡ್ಡ ಕುಸಿತಗಳ ಹಿಂದಿನ ವರ್ಷಗಳನ್ನು ನೋಡಿದರೆ ಹೆಚ್ಚಿನ ಸಲ ಕಣ್ಣಿಗೆ ಬೀಳುವುದು ಸಾಲ. ಎಷ್ಟು ಸಾಲ, ಯಾರ ತಲೆಯ ಮೇಲೆ, ಯಾವಾಗ ತೀರಿಸಬೇಕಾದ ಸಾಲ. ನಿಯಮಗಳು ಕೆಟ್ಟ ದಿನಗಳಲ್ಲಿ ರಜೆ ಹಾಕಿ ಹೋಗುವುದಿಲ್ಲ. ಒಬ್ಬ ಮನುಷ್ಯನಿಗೆ ಸರಿಯಾದ ಹೆಜ್ಜೆಯನ್ನು ಎಲ್ಲರೂ ಒಂದೇ ದಿನ ಇಟ್ಟಾಗ ಅದೇ ನಿಯಮಗಳು ಎಲ್ಲರನ್ನೂ ಕೆಳಕ್ಕೆ ಎಳೆಯುತ್ತವೆ.

ಸಂಪತ್ತು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಯ ಒಂದು ಭಾಗ ಸುಲಭ. ಒಂದು ಕಂಪನಿಯ 1,000 ಷೇರುಗಳಿವೆ ಎಂದುಕೊಳ್ಳಿ. ಇವತ್ತು ಅದರಲ್ಲಿ ಹತ್ತು ಮಾತ್ರ ಕೈ ಬದಲಾದವು, ತಲಾ 100 ಡಾಲರಿಗೆ. ನಾವು ಏನು ಮಾಡುತ್ತೇವೆ? ಸಾವಿರ ಷೇರಿಗೂ ಅದೇ ಬೆಲೆ ಕಟ್ಟಿ, ಕಂಪನಿ 1,00,000 ಡಾಲರ್ ಬಾಳುತ್ತದೆ ಎನ್ನುತ್ತೇವೆ. ನಾಳೆ ಹತ್ತು ಷೇರು 60ಕ್ಕೆ ಮಾರಿದವು. ಒಂದೇ ದಿನದಲ್ಲಿ 40,000 ಡಾಲರ್ “ಹೋಯಿತು”. ಅದನ್ನು ಯಾರೂ ಒಯ್ಯಲಿಲ್ಲ. ಅದು ಮುಂದಿನ ದಿನಗಳ ಬಗ್ಗೆ ಜನರಿಗಿದ್ದ ನಂಬಿಕೆಯ ಬೆಲೆ. ದೊಡ್ಡ ಕಂಪನಿಗಳ ಷೇರು ಬೆಲೆಯ ಏರಿಳಿತ ತೋರಿಸುವ ನ್ಯೂಯಾರ್ಕಿನ ಡೌ ಜೋನ್ಸ್ ಸೂಚ್ಯಂಕ 1929ರ ಸೆಪ್ಟೆಂಬರ್ 3ರಂದು 381ರಲ್ಲಿತ್ತು. 1932ರ ಜುಲೈ 8ರಂದು 41ಕ್ಕೆ ಬಂದಿತ್ತು. ನೂರಕ್ಕೆ 89 ಭಾಗ ಅಳಿಸಿಹೋಯಿತು.

ಆದರೆ ನಂಬಿಕೆ ಕುಸಿದರೆ ಕಾರ್ಖಾನೆ ಯಾಕೆ ಮುಚ್ಚಬೇಕು? ನಿಮ್ಮ ಪ್ರಶ್ನೆಯ ಕಷ್ಟದ ಭಾಗ ಇದು.

ಇಲ್ಲಿ ಒಂದು ಸಮೀಕರಣ ಬೇಕು. ಒಬ್ಬರ ಖರ್ಚು ಇನ್ನೊಬ್ಬರ ಆದಾಯ. ಇದು ಯಾರ ಅಭಿಪ್ರಾಯವೂ ಅಲ್ಲ, ಲೆಕ್ಕ. ಭಯ ಬಿದ್ದ ಒಂದು ಕುಟುಂಬ ಖರ್ಚು ಕಡಿಮೆ ಮಾಡಿ ಹಣ ಎತ್ತಿಡುತ್ತದೆ. ಅದು ಜಾಣತನ. ಲಕ್ಷಾಂತರ ಕುಟುಂಬಗಳು ಒಂದೇ ತಿಂಗಳಲ್ಲಿ ಹಾಗೆ ಮಾಡಿದರೆ ಲಕ್ಷಾಂತರ ಜನರ ಆದಾಯ ಇಳಿಯುತ್ತದೆ. ಇಳಿದ ಆದಾಯದಲ್ಲಿ ಉಳಿಸುವುದೇ ಕಷ್ಟ. ಎಲ್ಲರೂ ಜಾಸ್ತಿ ಉಳಿಸಲು ಹೊರಟು ಕೊನೆಗೆ ಒಟ್ಟು ಉಳಿತಾಯ ಮೊದಲಿಗಿಂತ ಕಡಿಮೆಯೂ ಆಗಬಹುದು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1930ರ ದಶಕದಲ್ಲಿ ಒತ್ತಿ ಹೇಳಿದ್ದು ಇದನ್ನೇ.

ನೀವು ತಕ್ಷಣ ಆಕ್ಷೇಪ ಎತ್ತುತ್ತೀರಿ ಎಂದು ನನಗೆ ಗೊತ್ತು. ಉಳಿಸಿದ ಹಣ ಬ್ಯಾಂಕಿಗೆ ಹೋಗುತ್ತದಲ್ಲ? ಬ್ಯಾಂಕು ಅದನ್ನು ಇನ್ನೊಬ್ಬರಿಗೆ ಸಾಲ ಕೊಡುತ್ತದೆ, ಅವರು ಖರ್ಚು ಮಾಡುತ್ತಾರೆ, ಲೆಕ್ಕ ಸರಿಹೋಯಿತಲ್ಲ? ಸಾಮಾನ್ಯ ದಿನಗಳಲ್ಲಿ ಹೀಗೇ ನಡೆಯುತ್ತದೆ. ಉಳಿತಾಯ ಹೆಚ್ಚಿದರೆ ಬಡ್ಡಿ ಇಳಿಯುತ್ತದೆ, ಹೊಸ ಯಂತ್ರ ತರಲು ಸಾಲ ಕೇಳುವವರು ಮುಂದೆ ಬರುತ್ತಾರೆ. ಕುಸಿತದಲ್ಲಿ ಮುರಿಯುವುದು, ಉಳಿಸುವವರ ಹಣವನ್ನು ಸಾಲ ಕೇಳುವವರಿಗೆ ದಾಟಿಸುವ ಈ ಸೇತುವೆಯೇ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಬ್ಯಾಂಕು ಮಾಡುವ ಕೆಲಸ ಒಂದು ರೀತಿಯಲ್ಲಿ ಅದ್ಭುತ. ನಮ್ಮ ಹಣವನ್ನು ಯಾವಾಗ ಕೇಳಿದರೂ ವಾಪಸ್ ಕೊಡುತ್ತೇನೆ ಎನ್ನುತ್ತದೆ. ಅದೇ ಹಣವನ್ನು ಹತ್ತಿಪ್ಪತ್ತು ವರ್ಷಕ್ಕೆ ಮನೆ ಕಟ್ಟುವವರಿಗೆ ಕೊಟ್ಟಿರುತ್ತದೆ. ಎಲ್ಲರೂ ಒಂದೇ ದಿನ ಹಣ ಕೇಳುವುದಿಲ್ಲ ಎಂಬ ಲೆಕ್ಕದ ಮೇಲೆ ಇದು ನಿಂತಿದೆ. ಆದರೆ ಬ್ಯಾಂಕು ಮುಳುಗುತ್ತದಂತೆ ಎಂಬ ಸುದ್ದಿ ಹಬ್ಬಿದರೆ? ಸುದ್ದಿ ಸುಳ್ಳೇ ಇರಲಿ, ಬೇರೆಯವರು ಅದನ್ನು ನಂಬಿ ಓಡಿದರೆ ಹಿಂದೆ ಉಳಿದವನ ಹಣ ಹೋಗುತ್ತದೆ. ಆದ್ದರಿಂದ ಓಡುವುದೇ ಸರಿ. ಓಡಿದವನು ಮೂರ್ಖನಲ್ಲ. ಈ ಮಾತನ್ನು ಗಣಿತದಲ್ಲಿ ಬರೆದು ತೋರಿಸಿದ ಡಗ್ಲಸ್ ಡೈಮಂಡ್ ಮತ್ತು ಫಿಲಿಪ್ ಡಿಬ್ವಿಗ್ ಅವರಿಗೆ 2022ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅದೇ ವರ್ಷ ಅವರ ಜೊತೆಗೆ ಪ್ರಶಸ್ತಿ ಪಡೆದ ಬೆನ್ ಬರ್ನಾಂಕೆ, 1930ರ ದಶಕದಲ್ಲಿ ಬ್ಯಾಂಕುಗಳು ಮುಳುಗಿದ್ದರಿಂದಲೇ ಕುಸಿತ ಅಷ್ಟು ಆಳವಾಯಿತು, ಅಷ್ಟು ಕಾಲ ಎಳೆಯಿತು ಎಂದು ತೋರಿಸಿದವರು.

1930ರಿಂದ 1933ರ ಒಳಗೆ ಅಮೆರಿಕದಲ್ಲಿ ಸುಮಾರು 9,000 ಬ್ಯಾಂಕುಗಳು ಬಾಗಿಲು ಹಾಕಿದವು. ಇಲ್ಲಿ ನಿಜಕ್ಕೂ ಹಣ ಮಾಯವಾಯಿತು. ನಾವು ಹಣ ಎನ್ನುವುದರಲ್ಲಿ ನೋಟು, ನಾಣ್ಯ ಸಣ್ಣ ಪಾಲು. ದೊಡ್ಡ ಪಾಲು ಖಾತೆಯಲ್ಲಿ ಬರೆದ ಅಂಕಿ. ಬ್ಯಾಂಕು ಸಾಲ ಕೊಟ್ಟಾಗ ಆ ಅಂಕಿ ಹುಟ್ಟುತ್ತದೆ. ಸಾಲ ತೀರಿದಾಗ, ಇಲ್ಲವೇ ಬ್ಯಾಂಕೇ ಮುಳುಗಿದಾಗ ಅದು ಅಳಿಯುತ್ತದೆ. ಆ ನಾಲ್ಕು ವರ್ಷಗಳಲ್ಲಿ ದೇಶದಲ್ಲಿದ್ದ ಹಣದ ಮೂರನೇ ಒಂದು ಭಾಗ ಹೀಗೆ ಇಲ್ಲವಾಯಿತು. ಕಾರ್ಖಾನೆ ಇತ್ತು, ಕೆಲಸಗಾರ ಇದ್ದ. ಇಬ್ಬರನ್ನೂ ಸೇರಿಸುವ ಹಣ, ಸಾಲ ಕೊಡುವ ಕೈ ಇರಲಿಲ್ಲ. ನಿಮ್ಮ ಲೆಕ್ಕದಲ್ಲಿ ಕಾಣದೆ ಹೋದದ್ದು ಇದೇ, ಮೇಷ್ಟ್ರೇ.

ಈಗ ನಿಮ್ಮ ಎರಡನೇ ಪ್ರಶ್ನೆ. ಬೆಲೆ ಇಳಿದ ಮೇಲೂ ಕೊಳ್ಳುವವರು ಯಾಕೆ ಬರಲಿಲ್ಲ? ಒಂದು ವಸ್ತುವಿನ ಬೆಲೆ ಮಾತ್ರ ಇಳಿದರೆ ಖಂಡಿತ ಬರುತ್ತಾರೆ. ಎಲ್ಲದರ ಬೆಲೆಯೂ ಇಳಿದರೆ, ಸಂಬಳವೂ ಒಂದು ಬೆಲೆಯೇ, ಅದೂ ಇಳಿಯುತ್ತದೆ. ಇಳಿಯದೆ ಉಳಿಯುವುದು ಒಂದೇ, ಹಳೆಯ ಸಾಲದ ಮೊತ್ತ. 1929ರಿಂದ 1933ರ ನಡುವೆ ಅಮೆರಿಕದಲ್ಲಿ ಬೆಲೆಗಳು ಸುಮಾರು ಕಾಲುಭಾಗ ಇಳಿದವು. ಮೊದಲು 100 ಮೂಟೆ ಗೋಧಿ ಮಾರಿ ತೀರಿಸಬಹುದಾಗಿದ್ದ ಸಾಲಕ್ಕೆ, ಗೋಧಿಯ ಬೆಲೆಯೂ ಕಾಲುಭಾಗ ಇಳಿದರೆ 133 ಮೂಟೆ ಬೇಕು. ಇಳಿತ ಕಾಲುಭಾಗ, ಹೊರೆಯ ಏರಿಕೆ ಮೂರನೇ ಒಂದು ಭಾಗ. (ಗೋಧಿಯ ಬೆಲೆ ನಿಜವಾಗಿ ಇದಕ್ಕಿಂತ ತುಂಬಾ ಜಾಸ್ತಿ ಇಳಿದಿತ್ತು, ರೈತರ ಪಾಡು ಇನ್ನೂ ಕೆಟ್ಟದಾಗಿತ್ತು.) ಸಾಲ ತೀರಿಸಲು ಎಲ್ಲರೂ ಇದ್ದದ್ದನ್ನು ಮಾರುತ್ತಾರೆ. ಎಲ್ಲರೂ ಮಾರಿದರೆ ಬೆಲೆ ಇನ್ನೂ ಇಳಿಯುತ್ತದೆ. ಬೆಲೆ ಇಳಿದಷ್ಟೂ ಸಾಲ ಭಾರವಾಗುತ್ತದೆ. ಹಣ ಕಟ್ಟುತ್ತಾ ಹೋದವನ ಹೊರೆ ಕಟ್ಟುತ್ತಾ ಹೋದಂತೆ ಹೆಚ್ಚಿತು.

ಈ ಸುಳಿಯನ್ನು 1933ರಲ್ಲಿ ಬಿಡಿಸಿ ಬರೆದವರು ಅಮೆರಿಕದ ಅರ್ಥಶಾಸ್ತ್ರಜ್ಞ ಅರ್ವಿಂಗ್ ಫಿಶರ್. ಷೇರು ಬೆಲೆಗಳು ಇನ್ನು ಕೆಳಗೆ ಬರುವುದಿಲ್ಲ ಎಂಬರ್ಥದ ಮಾತನ್ನು 1929ರ ಅಕ್ಟೋಬರಿನಲ್ಲಿ, ಕುಸಿತಕ್ಕೆ ಕೆಲವೇ ದಿನ ಮೊದಲು ಹೇಳಿದವರೂ ಅವರೇ. ತಮ್ಮ ಆಸ್ತಿಯನ್ನೆಲ್ಲ ಷೇರಿನಲ್ಲಿ ಕಳೆದುಕೊಂಡರು. ಅಷ್ಟಾದ ಮೇಲೂ ಕೂತು, ತಾನು ಎಲ್ಲಿ ತಪ್ಪಿದೆ ಎಂದು ಹುಡುಕಿ, ಮುಂದಿನವರಿಗೆ ಬೇಕಾದ ಉತ್ತರ ಕೊಟ್ಟರಲ್ಲ, ಅದಕ್ಕಾಗಿ ಅವರ ಮೇಲೆ ನನಗೆ ಗೌರವ ಜಾಸ್ತಿ.

ತಡೆಯಬೇಕಾದವರು ತಡೆಯಲಿಲ್ಲ ಯಾಕೆ? ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 1913ರಲ್ಲೇ ಹುಟ್ಟಿತ್ತು. ಇಂಥ ಗಾಬರಿಯನ್ನು ತಡೆಯುವುದೇ ಅದರ ಕೆಲಸವಾಗಿತ್ತು. ಆದರೆ ಡಾಲರನ್ನು ಚಿನ್ನಕ್ಕೆ ಕಟ್ಟಿಹಾಕಿದ್ದರು, ಅಂದರೆ ಡಾಲರ್ ತಂದವರಿಗೆ ಗೊತ್ತುಮಾಡಿದ ದರದಲ್ಲಿ ಚಿನ್ನ ಕೊಡಬೇಕಿತ್ತು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ಕಟ್ಟು ಬಿಡಿಸಿಕೊಂಡಿತು. ಅಮೆರಿಕವೂ ಬಿಡುತ್ತದೆ ಎಂದು ಹೆದರಿ ಹೊರಗಿನವರು ಡಾಲರ್ ಕೊಟ್ಟು ಚಿನ್ನ ಒಯ್ಯಲು ಶುರು ಮಾಡಿದರು. ಬಡ್ಡಿ ಹೆಚ್ಚಿದರೆ ಅವರು ಡಾಲರನ್ನೇ ಇಟ್ಟುಕೊಳ್ಳುತ್ತಾರೆ, ಚಿನ್ನ ಉಳಿಯುತ್ತದೆ ಎಂದು ಫೆಡರಲ್ ರಿಸರ್ವ್ ಅಕ್ಟೋಬರಿನಲ್ಲಿ ಬಡ್ಡಿಯನ್ನು ಶೇ 1.5ರಿಂದ 3.5ಕ್ಕೆ ಏರಿಸಿತು. ಜನ ಕೆಲಸ ಕಳೆದುಕೊಳ್ಳುತ್ತಿದ್ದಾಗ, ಬ್ಯಾಂಕುಗಳು ಮುಳುಗುತ್ತಿದ್ದಾಗ ಸಾಲವನ್ನು ಇನ್ನಷ್ಟು ದುಬಾರಿ ಮಾಡಿತು. 1933ರ ಹೊತ್ತಿಗೆ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಚಿನ್ನದ ಕಟ್ಟನ್ನು ಬೇಗ ಬಿಟ್ಟ ದೇಶಗಳು ಬೇಗ ಚೇತರಿಸಿಕೊಂಡವು. 1936ರ ತನಕ ಹಿಡಿದುಕೊಂಡ ಫ್ರಾನ್ಸ್ ಅಷ್ಟೂ ಕಾಲ ನರಳಿತು. ಈ ನೋವಿನಲ್ಲಿ ಬಹುಪಾಲನ್ನು ತಪ್ಪಿಸಬಹುದಿತ್ತು. ಅದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

2008ರ ಅಮೆರಿಕದ ಆರ್ಥಿಕ ಕುಸಿತದಲ್ಲೂ ಮುರಿದದ್ದು ಅದೇ ಸೇತುವೆ, ಬೇರೆ ಜಾಗದಲ್ಲಿ. 1934ರ ಜನವರಿಯಿಂದ ಅಮೆರಿಕದಲ್ಲಿ ಬ್ಯಾಂಕ್ ಠೇವಣಿಗೆ ಸರ್ಕಾರದ ವಿಮೆ ಬಂದಿತ್ತು, ಶುರುವಿನಲ್ಲಿ 2,500 ಡಾಲರ್ ತನಕ. ಸಾಮಾನ್ಯ ಜನ ಬ್ಯಾಂಕಿನ ಮುಂದೆ ಸಾಲು ನಿಲ್ಲುವುದು ಬಹುಮಟ್ಟಿಗೆ ನಿಂತಿತು. ಆದರೆ ಹೂಡಿಕೆ ಬ್ಯಾಂಕುಗಳು ಠೇವಣಿ ತೆಗೆದುಕೊಳ್ಳುತ್ತಿರಲಿಲ್ಲ. ದೊಡ್ಡ ಸಂಸ್ಥೆಗಳಿಂದ ಒಂದು ರಾತ್ರಿಯ ಮಟ್ಟಿಗೆ, ಒಂದು ವಾರದ ಮಟ್ಟಿಗೆ ಸಾಲ ತಂದು, ಬಹಳ ವರ್ಷ ನಡೆಯುವ ಗೃಹಸಾಲಗಳ ಮೇಲೆ ಹಾಕುತ್ತಿದ್ದವು. ಆ ಹಣಕ್ಕೆ ಯಾವ ವಿಮೆಯೂ ಇರಲಿಲ್ಲ. ಸ್ವಂತ ಬಂಡವಾಳ 1 ಡಾಲರ್ ಇದ್ದರೆ 30 ಡಾಲರಿನಷ್ಟು ಆಸ್ತಿ ಕಟ್ಟಿಕೊಂಡವರಿದ್ದರು. ಆ ಆಸ್ತಿಯ ಬೆಲೆ ನೂರಕ್ಕೆ ಮೂರೂವರೆ ಇಳಿದರೆ ಬಂಡವಾಳ ಪೂರ್ತಿ ಹೋಯಿತು. ಮನೆ ಬೆಲೆಗಳು 2006ರಿಂದ ಕಾಲುಭಾಗಕ್ಕೂ ಜಾಸ್ತಿ ಇಳಿದವು. 2008ರ ಸೆಪ್ಟೆಂಬರ್ 15ರಂದು ಅಂಥ ಒಂದು ಹೂಡಿಕೆ ಬ್ಯಾಂಕಾದ ಲೀಮನ್ ಬ್ರದರ್ಸ್ 600 ಬಿಲಿಯನ್ ಡಾಲರಿಗೂ ಹೆಚ್ಚು ಸಾಲದೊಂದಿಗೆ ದಿವಾಳಿ ಅರ್ಜಿ ಹಾಕಿತು. ಮರುದಿನದಿಂದ ಒಂದು ಬ್ಯಾಂಕು ಇನ್ನೊಂದನ್ನು ನಂಬಲು ಹಿಂಜರಿಯಿತು.

ನೀವು ಹೇಳುವ ದುರಾಸೆಗೆ ಇಲ್ಲಿ ದಾರಿ ಮಾಡಿಕೊಟ್ಟದ್ದು ಏನು ಎಂದು ನೋಡಿ. ಸಾಲ ಕೊಟ್ಟವನು ಅದನ್ನು ತನ್ನ ಬಳಿ ಇಟ್ಟುಕೊಳ್ಳುತ್ತಿರಲಿಲ್ಲ. ಸಾವಿರಾರು ಸಾಲಗಳನ್ನು ಒಟ್ಟು ಮಾಡಿ, ಪತ್ರಗಳನ್ನಾಗಿಸಿ ಬೇರೆಯವರಿಗೆ ಮಾರುತ್ತಿದ್ದರು. ಸಾಲ ವಾಪಸ್ ಬರದಿದ್ದರೆ ನಷ್ಟ ಕೊಂಡವನದ್ದು, ಕೊಟ್ಟವನದ್ದಲ್ಲ. ಹಾಗಿರುವಾಗ ಸಾಲ ಕೇಳುವವನಿಗೆ ತೀರಿಸುವ ಶಕ್ತಿ ಇದೆಯಾ ಎಂದು ಕೊಟ್ಟವನು ಯಾಕೆ ವಿಚಾರಿಸುತ್ತಾನೆ? ಮಕ್ಕಳಿಗೆ ಇದನ್ನು ಹೇಳಿ. ಲಾಭ ಒಬ್ಬನಿಗೆ, ನಷ್ಟ ಇನ್ನೊಬ್ಬನಿಗೆ ಎಂಬ ಏರ್ಪಾಡು ಇದ್ದರೆ ಸಾಧಾರಣ ಜನರೇ ಅಪಾಯದ ಕೆಲಸ ಮಾಡುತ್ತಾರೆ, ಅದಕ್ಕೆ ಕೆಟ್ಟವರೇ ಆಗಬೇಕಿಲ್ಲ.

ಎಲ್ಲ ಆರ್ಥಿಕ ಹಿಂಜರಿತವೂ ಸಾಲದಿಂದಲೇ ಬರುವುದಿಲ್ಲ, ಇದನ್ನೂ ಹೇಳಬೇಕು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ತಡೆಹಿಡಿದಾಗ ಬ್ಯಾರೆಲ್ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು 3 ಡಾಲರಿನಿಂದ 12ರ ಹತ್ತಿರಕ್ಕೆ ಹೋಯಿತು. ಅದು ಪೂರೈಕೆಯ ಪೆಟ್ಟು. ಬೆಲೆ ಏರಿಕೆ, ನಿರುದ್ಯೋಗ ಎರಡೂ ಒಟ್ಟಿಗೆ ಬಂದವು. 2020ರಲ್ಲಿ ಸಾಂಕ್ರಾಮಿಕ ಬಂದು ಅಮೆರಿಕದ ನಿರುದ್ಯೋಗ ಒಂದೇ ತಿಂಗಳಲ್ಲಿ ಶೇ 14 ದಾಟಿತು. ಆದರೆ ಅಲ್ಲಿ ಅಧಿಕೃತವಾಗಿ ಆ ಹಿಂಜರಿತ ಎರಡೇ ತಿಂಗಳದ್ದು. ಸರ್ಕಾರ ಜನರ ಕೈಗೆ ಹಣ ಕೊಟ್ಟಿತು, ಬ್ಯಾಂಕುಗಳು ಮುಳುಗಲಿಲ್ಲ, ಸೇತುವೆ ಉಳಿಯಿತು. ಜಪಾನಿನ ಕಥೆ ಬೇರೆ. 1980ರ ದಶಕದಲ್ಲಿ ಅಲ್ಲಿ ಭೂಮಿ, ಷೇರು ಎರಡರ ಮೇಲೂ ವಿಪರೀತ ಸಾಲ ಬೆಳೆದಿತ್ತು. 1989ರ ಡಿಸೆಂಬರಿನಲ್ಲಿ ಅಲ್ಲಿನ ನಿಕ್ಕೇ ಷೇರು ಸೂಚ್ಯಂಕ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. 2020ರ ಅಮೆರಿಕ, ಜಪಾನ್, ಈ ಎರಡು ಉದಾಹರಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಸಾಲದ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದು ಯಾಕೆ ಎಂದು ತಿಳಿಯುತ್ತದೆ.

ಮಕ್ಕಳಿಗೆ ಹೇಗೆ ಹೇಳಲಿ ಎಂದು ಕೇಳಿದ್ದೀರಿ. ಹೇಳುವುದಕ್ಕಿಂತ ಆಡಿಸಿ. ಹತ್ತು ಮಕ್ಕಳನ್ನು ದುಂಡಗೆ ಕೂರಿಸಿ. ಮೊದಲನೆಯವಳ ಕೈಗೆ 100 ಚೀಟಿ ಕೊಡಿ. ಬಂದಷ್ಟನ್ನೂ ಪಕ್ಕದವರಿಗೆ ದಾಟಿಸುವುದು ಆಟ. ಮೊದಲ ಸುತ್ತು ನೂರೇ ವಾಪಸ್ ಬರುತ್ತದೆ. ಎರಡನೇ ಸುತ್ತಿನಲ್ಲಿ ಮೊದಲನೆಯವಳಿಗೆ ಮಾತ್ರ ಗುಟ್ಟಾಗಿ, ಹತ್ತು ಚೀಟಿ ಎತ್ತಿಟ್ಟುಕೋ ಎನ್ನಿ. ಅವಳಿಗೆ ತಿರುಗಿ ಬರುವುದು 90. ಕಡಿಮೆಯಾದದ್ದು ಅವಳೇ ಎತ್ತಿಟ್ಟ ಹತ್ತು. ಉಳಿದ ಒಂಬತ್ತು ಮಕ್ಕಳಿಗೆ ಮಾತ್ರ ಇದು ಗೊತ್ತಿಲ್ಲ, ತಮಗೆ ಬರುವುದು ಕಡಿಮೆಯಾಯಿತು ಎಂದಷ್ಟೇ ಗೊತ್ತು. ಮೂರನೇ ಸುತ್ತಿಗೆ ಏನೂ ಹೇಳಬೇಡಿ. ಬೇಕಾದವರು ಬೇಕಾದಷ್ಟು ಎತ್ತಿಟ್ಟುಕೊಳ್ಳಬಹುದು ಎಂದು ಮಾತ್ರ ಹೇಳಿ, ಸುಮ್ನೆ ನೋಡುತ್ತಿರಿ.

ಆ ಸುತ್ತು ಮುಗಿದಾಗ ಎಷ್ಟು ಚೀಟಿ ತಿರುಗಿ ಬಂತು ಎಂದು ಬರೆದು ತಿಳಿಸಿ. ಆ ಪತ್ರವನ್ನೂ ಅಚ್ಚು ಹಾಕುತ್ತೇನೆ.

– ಸಂಪಾದಕ